ನೀರು ನೋಡಿದ ಕೋಯ

ಐವತ್ತು ದಾಟುವವರೆಗೂ ಹೊಟ್ಟೆಕಿಚ್ಚು ಎಂದರೇನೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಕೋಯ ಹೇಳಿಕೊಳ್ಳುತ್ತಾನೆ. ನೀವು ನಂಬಬೇಕಾಗಿಲ್ಲ. ಕಿಚ್ಚು ಅವನ ಹೊಟ್ಟೆಯಲ್ಲಿ ಮೊದಲಿನಿಂದಲೂ ಇದ್ದಿರಬೇಕು, ಉರಿಯಲು ಸೌದೆ ಸಿಕ್ಕಿರಲಿಲ್ಲ ಅಷ್ಟೆ. ಆ ಸೌದೆ ಒಂದು ದಿನ ಬಿಳಿ ಜೀಪು ಹತ್ತಿ ಉಮ್ ತಲ್ಹಾಕ್ಕೆ ಬಂತು.

ಉಮ್ ತಲ್ಹಾ ಎನ್ನುವುದು ಸೌದಿಯ ರಾಬಿಗ್ ಪೇಟೆಯಿಂದ ಪೂರ್ವಕ್ಕೆ, ಬೆಟ್ಟಗಳ ನಡುವೆ ಸಿಕ್ಕಿಕೊಂಡ ಒಂದು ಪುಟ್ಟ ಹಳ್ಳಿ. ಬೆರಳೆಣಿಕೆಯ ಮನೆಗಳು, ಒಂದು ಸಣ್ಣ ಮಸೀದಿ, ಮನುಷ್ಯರಿಗಿಂತ ಹೆಚ್ಚು ಆಡುಗಳು. ಡಾಮರು ರಸ್ತೆ ಅಲ್ಲಿಗೆ ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಮುಂದೆಲ್ಲ ಕಲ್ಲಿನ ದಾರಿ. ಹಳ್ಳಿಯ ಹಳೆಯ ಬಾವಿ ಯಾವ ಕಾಲದಲ್ಲೋ ಉಪ್ಪಾಗಿ ಹೋಗಿತ್ತು. ಆದ್ದರಿಂದ ಕಡಲ ತೀರದ ಸ್ಥಾವರದಲ್ಲಿ ಉಪ್ಪು ತೆಗೆದ ನೀರನ್ನು ಟ್ಯಾಂಕರಿಗೆ ತುಂಬಿಸಿಕೊಂಡು ವಾರಕ್ಕೆರಡು ಸಲ ಒಬ್ಬ ಆ ದಾರಿ ಹತ್ತಬೇಕು. ಆ ಒಬ್ಬನೇ ನಮ್ಮ ಕೋಯ, ಕನ್ನಡ ಕರಾವಳಿಯ ಮುಡಿಪು ಕಡೆಯ ಬ್ಯಾರಿ. ಸೌದಿಗೆ ಬಂದ ಎರಡನೇ ವರ್ಷ ಅವನ ಕೈಗೆ ಈ ದಾರಿ ಬಂತು. ಬೇರೆ ಡ್ರೈವರುಗಳು ಟಯರು ಹಾಳಾಗುತ್ತದೆ ಎಂದು ಬೈದುಕೊಂಡು ಬಿಟ್ಟ ದಾರಿ ಅದು. ಕೋಯ ಮಾತ್ರ ಬಿಡಲಿಲ್ಲ. ಕಂಪೆನಿಯವರು ಒಳ್ಳೆಯ ದಾರಿ ಕೊಡುತ್ತೇವೆಂದರೂ ಬೇಡ ಎಂದ.

ಯಾಕೆ ಎಂದರೆ, ಅಲ್ಲಿ ಅವನು ಬರೀ ಟ್ಯಾಂಕರಿನವನಾಗಿರಲಿಲ್ಲ. ಊರಿನ ಅರ್ಧ ಸಂಸಾರವೇ ಅವನ ಕೈಯಲ್ಲಿತ್ತು. ಬಿ.ಪಿ. ಮಾತ್ರೆ ಬೇಕೇ, ಕೋಯ. ಹೊಲಿಗೆ ದಾರ ಬೇಕೇ, ಕೋಯ. ಹೆಂಗಸರು ಬಾಗಿಲ ಹಿಂದಿನಿಂದಲೇ ಕೂಗಿ ಹೇಳುತ್ತಿದ್ದರು, ಅವನು ಮುಖ ನೋಡದೆಯೇ ದನಿಯಿಂದ ಯಾರ ಮನೆಯವರೆಂದು ತಿಳಿದು ಮುಂದಿನ ಸಲ ತಂದುಕೊಡುತ್ತಿದ್ದ. ಊರಿನ ಹಿರಿಯ ಅಬೂ ಫಾರೂಕ್ ಅವನನ್ನು ಮಜ್ಲಿಸಿಗೆ, ಎಂದರೆ ಗಂಡಸರು ಕೂತು ಮಾತಾಡುವ ಹೊರಕೋಣೆಗೆ ಕರೆದು ತನ್ನ ಎಡಬದಿಯಲ್ಲೇ ಕೂರಿಸುತ್ತಿದ್ದರು. ಕೋಯ ದಿಂಬಿಗೆ ಒರಗಿ ಪೇಟೆಯ ಸುದ್ದಿ ಹೇಳುತ್ತಿದ್ದ, ಸ್ವಲ್ಪ ಉಪ್ಪುಖಾರ ಸೇರಿಸಿಯೇ.

ಮುಡಿಪಿನಲ್ಲಿ ಅವನಿಗೆ ಟೆರೇಸ್ ಮನೆಯಿದೆ, ಹೆಂಡತಿ ಜೈನಬಾ ಇದ್ದಾಳೆ, ಮಗಳು ಶಹಲಾ ಮದುವೆಯಾಗಿ ಹೋಗಿದ್ದಾಳೆ. ರಜೆಯಲ್ಲಿ ಊರಿಗೆ ಹೋದರೆ ಮೊದಲ ವಾರ ಎಲ್ಲರೂ ನೋಡಲು ಬರುತ್ತಾರೆ. ಎರಡನೇ ವಾರದಿಂದ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ವಾಪಸ್ ಯಾವಾಗ? ಉಮ್ ತಲ್ಹಾದವರು ಮಾತ್ರ ಟ್ಯಾಂಕರ್ ತಿರುಗಿಸುವಾಗ ಕೇಳುತ್ತಿದ್ದರು, ಇನ್ನು ಬರುವುದು ಯಾವಾಗ ಎಂದು. ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಎಂತ ಬೇಕು?

ಜೀಪಿನಿಂದ ಇಳಿದವರು ಕಡಲ ತೀರದ ಒಂದು ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಇಬ್ಬರು ಸೌದಿ ಹುಡುಗರು, ಜಿದ್ದಾದಲ್ಲಿ ಬಟ್ಟೆ ವ್ಯಾಪಾರ ಮಾಡುವ ಭಟ್ಕಳದವರೊಬ್ಬರ ಮಗಳು ಇಫ್ರಾ, ಮತ್ತೆ ಕುಳ್ಳಗೆ, ಕಪ್ಪಗೆ, ಗುಂಡು ಮುಖದ ಮತೇಯೊ. ಕೋಯ ಅವನನ್ನು ನೋಡಿದ ಕೂಡಲೇ ನಮ್ಮ ಬಂಟ್ವಾಳ ಕಡೆಯವನೇ ಇರಬೇಕು ಎಂದುಕೊಂಡು ಕನ್ನಡದಲ್ಲಿ ಮಾತಾಡಿಸಿಯೂ ಬಿಟ್ಟ. ಹುಡುಗ ಬಿಳಿ ಹಲ್ಲು ತೋರಿಸಿ ನಕ್ಕ. ಅವನ ದೇಶ ಗ್ವಾಟೆಮಾಲ, ಅವನ ಜನ ಮಾಯಾ ಜನ ಎಂದು ಇಫ್ರಾ ಹೇಳಿದಳು. ಅದೆಲ್ಲಿ ಎಂದು ಕೇಳಿದರೆ ಅಮೆರಿಕದ ಕೆಳಗೆ ಎಂದಳು. ಇವರೆಲ್ಲ ಸೇರಿ ಉಮ್ ತಲ್ಹಾಕ್ಕೆ ಸಿಹಿನೀರಿನ ಬಾವಿ ಮಾಡಿಕೊಡುತ್ತಾರಂತೆ, ಬಿಸಿಲಿನಿಂದ ಓಡುವ ಪಂಪು, ಮನೆಮನೆಗೆ ಪೈಪು.

“ಆಗಲಿ, ಒಳ್ಳೆದೇ,” ಎಂದ ಕೋಯ. ಬಾಯಿ ಅಂದದ್ದು ಅಷ್ಟು.

ಅವತ್ತು ಮಜ್ಲಿಸಿನಲ್ಲಿ ಮತೇಯೊ ತನ್ನ ಹರುಕುಮುರುಕು ಅರಬಿಯಲ್ಲಿ ತನ್ನೂರಿನ ಕತೆ ಹೇಳಿದ. ಅವನ ಹಳ್ಳಿ ಬೆಟ್ಟದ ನೆತ್ತಿಯಲ್ಲಿ, ಒರತೆ ಕೆಳಗೆ ಕಣಿವೆಯಲ್ಲಿ. ಅವನ ತಾಯಿ ತಲೆಯ ಮೇಲೆ, ಅವನು ಬೆನ್ನ ಮೇಲೆ ನೀರು ಹೊರುತ್ತಿದ್ದರು. ಅವನು ಚಿಕ್ಕವನಿದ್ದಾಗ ಯಾವುದೋ ದೂರ ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಂದು ಟಾಂಕಿ ಕಟ್ಟಿ, ಪಂಪು ಕೂರಿಸಿ, ನೀರನ್ನು ಮೇಲಕ್ಕೆ ತಂದರು. ಆದರೆ ಗುದ್ದಲಿ ಹಾಕುವ ಮೊದಲು ಊರಿನ ಮುದುಕರು ಒರತೆಯ ಹತ್ತಿರ ಹೋಗಿ, ಮೇಣದ ಬತ್ತಿ ಹಚ್ಚಿ, ನಿನ್ನನ್ನು ಕರೆದೊಯ್ಯಬಹುದೇ ಎಂದು ಕೇಳಬೇಕಿತ್ತು. ಓದಿದ ಹುಡುಗರು ಟೋಪಿ ಕೈಯಲ್ಲಿ ಹಿಡಿದುಕೊಂಡು ಅದು ಮುಗಿಯುವ ತನಕ ಬಿಸಿಲಲ್ಲಿ ನಿಂತರಂತೆ.

“ಅವರು ಕಾದರು. ಅದನ್ನು ನೋಡಿಯೇ ನಾನು ಇಂಜಿನಿಯರ್ ಆಗಬೇಕು ಅಂತ ಹೊರಟದ್ದು,” ಎಂದ ಮತೇಯೊ.

ಅಬೂ ಫಾರೂಕರ ಕಣ್ಣು ಒದ್ದೆಯಾಯಿತು. ಅವರು ಕೈ ಹಿಡಿದು ಆ ಹುಡುಗನನ್ನು ಎಳೆದು ತಮ್ಮ ಎಡಬದಿಯಲ್ಲಿ ಕೂರಿಸಿಕೊಂಡರು. ಕೋಯ ಒಂದು ಜಾಗ ಆಚೆ ಸರಿದ. ಅವನಿಗೆ ಸರಿದುಕೋ ಎಂದು ಯಾರೂ ಹೇಳಲಿಲ್ಲ, ಅವನಾಗಿಯೇ ಸರಿಯಬೇಕಾಯಿತು. ಅದೇ ಅವನಿಗೆ ಹೆಚ್ಚು ಉರಿದದ್ದು.

ಆಮೇಲಿನದ್ದನ್ನು ಹೇಳುವುದಕ್ಕೆ ನನಗೇ ನಾಚಿಕೆಯಾಗುತ್ತದೆ, ಕೋಯನಿಗೆ ಆಗಲಿಲ್ಲ. ವಿದ್ಯಾರ್ಥಿಗಳು ವಾರವಾರ ಬರತೊಡಗಿದರು. ಉಕ್ಕಿನ ಗೂಟಗಳನ್ನು ಸಾಲಾಗಿ ನೆಲಕ್ಕೆ ಬಡಿದು, ಅವಕ್ಕೆ ತಂತಿ ಕಟ್ಟಿ, ಒಂದು ಪೆಟ್ಟಿಗೆಯ ಮುಂದೆ ಕೂತು ನೆಲದಡಿಯ ಒದ್ದೆಯನ್ನು ಅಳೆಯುತ್ತಿದ್ದರು. ಆಡು ಕಟ್ಟುವುದಕ್ಕೆ ಗೂಟವೋ ಎಂದು ಕೋಯ ಗೇಲಿ ಮಾಡಿದ, ಯಾರೂ ನಗಲಿಲ್ಲ. ಒಂದು ಸಲ ಅವನು ಟ್ಯಾಂಕರ್ ತಂದು ನಿಲ್ಲಿಸಿ ಹಾರನ್ ಹೊಡೆದರೂ ಮಕ್ಕಳು ಬರಲಿಲ್ಲ. ನೋಡಿದರೆ ಎಲ್ಲವೂ ಮತೇಯೊನ ತಂತಿ ಹಿಡಿದುಕೊಂಡು ಕಣಿವೆಯುದ್ದಕ್ಕೂ ನಿಂತಿದ್ದವು. ಇನ್ನೊಂದು ಸಲ, ಬಾಗಿಲ ಹಿಂದಿನಿಂದ ಬಂದ ದನಿಯೊಂದು ಕೆಮ್ಮಿನ ಔಷಧಿ ಬೇಕು ಎಂದಿತು. ಕೋಯ “ತರ್ತೇನೆ” ಎನ್ನುವಷ್ಟರಲ್ಲಿ ಗೊತ್ತಾಯಿತು, ಕೇಳಿದ್ದು ಅವನನ್ನಲ್ಲ, ಅಂಗಳದಲ್ಲಿದ್ದ ಇಫ್ರಾಳನ್ನು. ಕೆಮ್ಮಿನ ಔಷಧಿ! ಇಷ್ಟು ವರ್ಷ ಆ ಮನೆಯ ಕೆಮ್ಮೆಲ್ಲ ಅವನದೇ ಆಗಿತ್ತು.

ರಾಬಿಗ್‌ನಲ್ಲಿ ಅವನ ರೂಮಿನ ಜೊತೆಗಾರ, ರಿಫೈನರಿಯಲ್ಲಿ ವೆಲ್ಡಿಂಗ್ ಕೆಲಸದ ಅಶ್ರಫ್, ಅನ್ನ ಕಲಸುತ್ತ ಕೇಳಿದ:

“ಎಂತ ಕೋಯಾಕ, ಮುಖ ಯಾಕೆ ಹಾಗೆ?”

“ಎಂತ ಇಲ್ಲ ಮಾರಾಯ. ಆ ಹುಡುಗ ಉಂಟಲ್ಲ, ಮಣ್ಣಿಗೆ ಕರೆಂಟು ಕೊಡ್ತಾನೆ. ನೀರು ಎಂತ ಇಲಿಯಾ, ಶಾಕ್ ಕೊಟ್ಟ ಕೂಡ್ಲೆ ಹೊರಗೆ ಓಡಿ ಬರ್ಲಿಕ್ಕೆ?”

“ನೀರು ಸಿಕ್ಕಿದ್ರೆ ನಿಮಗೆ ಒಳ್ಳೆದಲ್ವಾ? ಆ ದರಿದ್ರ ರೋಡು ತಪ್ಪಿತಲ್ಲ.”

ಕೋಯ ಊಟದಿಂದ ಎದ್ದುಬಿಟ್ಟ.

ಅಬೂ ಫಾರೂಕ್ ಕೂಡ ಅದೇ ಮಾತು ಹೇಳಿದರು, ಪ್ರೀತಿಯಿಂದಲೇ. ನೀರು ಬಂದರೆ ಈ ಕೆಟ್ಟ ದಾರಿಯಿಂದ ನಿನಗೆ ಬಿಡುಗಡೆ, ಕೋಯ, ಎಂದರು. ಬಿಡುಗಡೆಯನ್ನು ಯಾರು ಕೇಳಿದ್ದರು? ಮಜ್ಲಿಸಿನಲ್ಲಿ ಎಲ್ಲರೂ ಇದ್ದರು, ವಿದ್ಯಾರ್ಥಿಗಳೂ. ಮತೇಯೊ ನಕ್ಷೆ ಹರಡಿ, ಹಳ್ಳಿಯ ಕೆಳಗೆ ಮಳೆನೀರು ಹರಿದು ಹೋಗುವ ಹಳ್ಳದ ದಡದಲ್ಲಿ ಒಂದು ಗುರುತು ತೋರಿಸುತ್ತಿದ್ದ. ಆಗ ಕೋಯನ ಬಾಯಿಂದ ಮಾತು ಹೊರಬಿದ್ದಿತು, ಅವನಿಗೇ ಗೊತ್ತಿಲ್ಲದೆ.

“ನಮ್ಮ ಊರಿನಲ್ಲಿ ಇಂಥ ತಂತಿ ಪೆಟ್ಟಿಗೆ ಯಾವುದೂ ಬೇಡ. ನೀರು ಎಲ್ಲಿದೆ ಅಂತ ತೆಂಗಿನಕಾಯಿ ಹಿಡಿದು ನಾನೇ ನೋಡುತ್ತೇನೆ.”

ನಕ್ಷೆಯ ಮೇಲೆ ಬಗ್ಗಿದ್ದ ತಲೆಗಳೆಲ್ಲ ಎದ್ದವು. ಎಲ್ಲರ ಕಣ್ಣೂ ಅವನ ಮೇಲೆ. ತಿಂಗಳುಗಟ್ಟಲೆ ಹಸಿದವನಿಗೆ ಬಿರಿಯಾನಿ ಬಡಿಸಿದ ಹಾಗಾಯಿತು.

ಸುಳ್ಳು ಪೂರ್ತಿ ಸುಳ್ಳೂ ಅಲ್ಲ. ಕೋಯನ ಸೋದರಮಾವ ನೀರು ನೋಡುವುದರಲ್ಲಿ ಹೆಸರಾದವರು. ಜುಟ್ಟಿರುವ ತೆಂಗಿನಕಾಯಿಯನ್ನು ಅಂಗೈಯಲ್ಲಿ ಅಡ್ಡ ಮಲಗಿಸಿಕೊಂಡು ಗುಡ್ಡೆ ಸುತ್ತುತ್ತಿದ್ದರು. ನೀರಿನ ಸೆಲೆ ಇದ್ದಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುತ್ತಿತ್ತು. ಅವರು ತೋರಿಸಿದಲ್ಲಿ ಬಾವಿ ತೋಡಿದವರು ಮುಡಿಪಿನಲ್ಲಿ ಈಗಲೂ ನೀರು ಕುಡಿಯುತ್ತಿದ್ದಾರೆ. ಕೋಯನೂ ಚಿಕ್ಕಂದಿನಲ್ಲಿ ಕದ್ದುಮುಚ್ಚಿ ಎಷ್ಟೋ ಸಲ ಕಾಯಿ ಹಿಡಿದು ನಡೆದು ನೋಡಿದ್ದ. ಅವನ ಅಂಗೈಯಲ್ಲಿ ಅದು ಒಮ್ಮೆಯಾದರೂ ಮಿಸುಕಿರಲಿಲ್ಲ.

ಶುಕ್ರವಾರ ಜಿದ್ದಾಕ್ಕೆ ಹೋಗಿ, ಶರಫಿಯಾದ ಜನಜಂಗುಳಿಯಲ್ಲಿ ನುಗ್ಗಿ, ಕೇರಳದವರ ತರಕಾರಿ ಅಂಗಡಿಯಲ್ಲಿ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ಒಂದನ್ನು ಆರಿಸಿದ. ಜೊತೆಗೆ ಬಂದಿದ್ದ ಅಶ್ರಫ್ ಹೆದರಿ ಹೇಳಿದ:

“ಕೋಯಾಕ, ಇದು ನಮ್ಮೂರಲ್ಲ. ಕಾಯಿ ತನ್ನಷ್ಟಕ್ಕೆ ಎದ್ದು ನಿಂತ್ರೆ ಮಾಟ ಅಂತ ಹೇಳಿ ಒಳಗೆ ಹಾಕ್ತಾರೆ. ಮತ್ತೆ ನಿಮ್ಮನ್ನು ಕೆಲಸಕ್ಕೆ ಇಟ್ಟ ಕಫೀಲೂ ಬಿಡಿಸ್ಲಿಕ್ಕೆ ಬರುದಿಲ್ಲ.”

“ಮಂತ್ರ ಇಲ್ಲ, ಎಂತ ಇಲ್ಲ. ಒಳಗಿನ ನೀರು ಹೊರಗಿನ ನೀರನ್ನು ಗುರ್ತ ಹಿಡೀತದೆ, ಅಷ್ಟೆ.”

ಈ ವಿವರಣೆ ಅವನಿಗೇ ಬಹಳ ಇಷ್ಟವಾಯಿತು. ಅಬೂ ಫಾರೂಕ್ ಅದನ್ನೇ ಕೇಳಿದಾಗ, ಇದರಲ್ಲಿ ಮಂತ್ರ ಓದುವುದು ಊದುವುದು ಏನೂ ಇಲ್ಲವಲ್ಲ ಎಂದಾಗ, ಅದೇ ಮಾತನ್ನು ಅರಬಿಯಲ್ಲಿ ಹೇಳಿದ. ಅವರಿಗೂ ಇಷ್ಟವಾಯಿತು.

ಊರಿಗೆ ಊರೇ ಅವನ ಹಿಂದೆ ಹೊರಟಿತು. ಮಕ್ಕಳು ಮತೇಯೊನ ತಂತಿ ಬಿಸಾಡಿ ಬಂದವು. ಕೋಯ ಬಿಸ್ಮಿಲ್ಲಾ ಎಂದು ಕಾಯಿಯನ್ನು ಅಂಗೈಯಲ್ಲಿ ಮಲಗಿಸಿ, ಕಣ್ಣು ಅರೆ ಮುಚ್ಚಿ, ಸೋದರಮಾವನ ಹಾಗೆಯೇ ಹೆಜ್ಜೆ ಎಳೆದು ನಡೆದ. ಹಳ್ಳದ ಕಡೆಗೆ ಹೋದ, ಆಡಿನ ಕೊಟ್ಟಿಗೆ ಸುತ್ತಿದ, ಮಸೀದಿ ದಾಟಿದ. ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು, ಈ ವಯಸ್ಸಿನಲ್ಲಾದರೂ ಒಂದು ಸಲ ತಾನಾಗಿ ಎದ್ದೀತೇನೋ ಎಂದು. ಕಾಯಿ ಹಾಯಾಗಿ ಮಲಗಿತ್ತು. ಬೆವರು ಇಳಿಯತೊಡಗಿತು. ಕೊನೆಗೆ ಅವನ ಕಾಲು ತಾನಾಗಿ ನಿಂತದ್ದು ಮಜ್ಲಿಸಿನ ಎದುರಿನ ಬಯಲಿನಲ್ಲಿ, ಅವನು ಯಾವಾಗಲೂ ಟ್ಯಾಂಕರ್ ನಿಲ್ಲಿಸುವ ಜಾಗದಲ್ಲಿ. ಅಲ್ಲಿ ಅವನು ಹೆಬ್ಬೆರಳನ್ನು ಕಾಯಿಯ ಬುಡಕ್ಕೆ ಮೆಲ್ಲನೆ ಒತ್ತಿದ. ಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಂತಿತು.

ಮಾಷಾ ಅಲ್ಲಾಹ್ ಎಂದು ಕೂಗೆದ್ದಿತು. ಅಬೂ ಫಾರೂಕ್ ಅವನ ಹಣೆಗೆ ಮುತ್ತು ಕೊಟ್ಟು, ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ತಮ್ಮ ಎಡಬದಿಯಲ್ಲಿ ಕೂರಿಸಿದರು. ಕೋಯ ಮತೇಯೊನ ಮುಖ ನೋಡಿದ. ಅದು ಹುಳ್ಳಗಾಗಿರುವುದನ್ನು ನೋಡಬೇಕೆಂದೇ ನೋಡಿದ. ಆದರೆ ಆ ಹುಡುಗ ಕಣ್ಣರಳಿಸಿಕೊಂಡು ಬಂದು ಕಾಯಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮುಟ್ಟಿ ಮುಟ್ಟಿ ನೋಡಿದ.

“ನಮ್ಮಲ್ಲೂ ಮುದುಕರಿಗೆ ಹೀಗೆ ಗೊತ್ತಾಗುತ್ತದೆ,” ಎಂದ. “ನಮ್ಮ ಪೆಟ್ಟಿಗೆ ತಪ್ಪು ಹೇಳಿರಬಹುದು. ಅಲ್ಲೇ ಕೊರೆಯೋಣ.”

ಸೌದಿ ಹುಡುಗರು ಗೊಣಗಿದರು. ಮತೇಯೊ ಬಿಡಲಿಲ್ಲ. ತನ್ನ ಊರಿನಲ್ಲಿ ಓದಿದವರು ಮುದುಕರ ಮಾತು ಕೇಳಿದ್ದರಿಂದಲೇ ಇವತ್ತಿಗೂ ನೀರು ಬರುತ್ತಿದೆ, ಇಲ್ಲಿ ನಾವು ಕೇಳದೇ ಹೋದರೆ ಹೇಗೆ ಎಂದು ಅವರ ಜೊತೆ ವಾದಿಸಿ ವಾದಿಸಿ ಗೆದ್ದ. ಕೋಯನ ಪರವಾಗಿ ಹೋರಾಡಿದ್ದು ಇಡೀ ಊರಿನಲ್ಲಿ ಇವನೊಬ್ಬನೇ! ಕೋಯನಿಗೆ ಅದನ್ನೂ ಸಹಿಸಲಾಗಲಿಲ್ಲ. ಸೋತವನು ಸೋತವನ ಹಾಗೆ ಇರಬಾರದೇ?

ಇಫ್ರಾ ಮಾತ್ರ, ಕೋಯ ಟ್ಯಾಂಕರ್ ಹತ್ತುವಾಗ ಹಿಂದೆಯೇ ಬಂದಳು. ಜಿದ್ದಾದಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅವಳ ಬಾಯಲ್ಲಿ ತಡವರಿಸುತ್ತ ಬರುತ್ತಿತ್ತು.

“ಅಂಕಲ್, ನಿಮ್ಮ ಥಂಬ್ ನಾನು ನೋಡಿದೆ.”

“ಎಂತ ಥಂಬು?”

“ಹೆಬ್ಬೆರಳು. ನೀವು ಎತ್ತಿದ್ದು.” ಅವಳು ದನಿ ಏರಿಸಲಿಲ್ಲ. “ನಾನು ಯಾರಿಗೂ ಹೇಳೋದಿಲ್ಲ. ಶೇಖ್ ಅಬೂ ಫಾರೂಕ್‌ಗೆ ಬೇಜಾರಾಗ್ತದೆ. ಆದ್ರೆ ನಮಗೆ ಪರ್ಮಿಷನ್ ಇರೋದು ಒಂದೇ ಬೋರಿಗೆ. ನಿಮ್ಮ ಜಾಗದ ಕೆಳಗೆ ಬರೀ ಬಂಡೆ. ಮೆಷಿನ್ ಬಂದು ಅಲ್ಲಿ ಕೊರೆದ್ರೆ ಎಲ್ಲಾ ಮುಗೀತು, ಇನ್ನೊಂದು ಸಿಗೋದಿಲ್ಲ. ಯೋಚನೆ ಮಾಡಿ.”

ಕೋಯ ಯೋಚನೆ ಮಾಡಿದ. ಮಾಡಿದಷ್ಟೂ ಅವನಿಗೆ ಅದು ಒಳ್ಳೆಯದಾಗಿಯೇ ಕಂಡಿತು. ಬಂಡೆ ಸಿಕ್ಕಿದರೆ ಹುಡುಗರು ಗಂಟುಮೂಟೆ ಕಟ್ಟುತ್ತಾರೆ. ಟ್ಯಾಂಕರ್ ಉಳಿಯುತ್ತದೆ, ಎಡಬದಿಯ ದಿಂಬು ಉಳಿಯುತ್ತದೆ, ಕೋಯ ಉಳಿಯುತ್ತಾನೆ. ನೀರು ಬರಲಿಲ್ಲ ಎಂದು ಅಬೂ ಫಾರೂಕ್ ಅವನನ್ನು ಬಯ್ಯುವವರಲ್ಲ, ಅಲ್ಲಾಹನ ಇಚ್ಛೆ ಎನ್ನುತ್ತಾರೆ. ಇದರಲ್ಲಿ ಯಾರಿಗೆ ಏನು ನಷ್ಟ? ಇಷ್ಟು ವರ್ಷ ಅವರಿಗೆ ಏನು ಕಡಿಮೆ ಮಾಡಿದ್ದೆ ನಾನು?

ಜೈನಬಾಳಿಗೆ ಫೋನು ಮಾಡಿ, ಹೆಬ್ಬೆರಳಿನ ವಿಷಯ ಬಿಟ್ಟು, ಉಳಿದದ್ದೆಲ್ಲ ಹೇಳಿಕೊಂಡ. ಆ ಹುಡುಗರು, ಆ ತಂತಿ, ಆ ಕೆಮ್ಮಿನ ಔಷಧಿ. ಅವಳು ಪೂರ್ತಿ ಕೇಳಿಸಿಕೊಂಡಳು.

“ನಿಮಗೆ ಹೊಟ್ಟೆಕಿಚ್ಚು,” ಎಂದಳು.

“ನನಗಾ? ಆ ನಿನ್ನೆ ಮೊನ್ನೆಯ ಪೊಡಿ ಹುಡುಗನ ಮೇಲೆ?”

“ಮತ್ತೆಂತ? ಹೋದ ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತಿದಾಗ ನಾನು ಫೋನು ಮಾಡಿದ್ದೆ, ನೆನಪುಂಟಾ? ಪಂಚಾಯ್ತಿ ಟ್ಯಾಂಕರಿಗೆ ಹೇಳು ಅಂತ ಹೇಳಿ ಇಟ್ಟದ್ದು ನೀವು. ಆ ಊರಿನ ನೀರಿಗೆ ಒಂದು ಗಂಟೆ ಮಾತಾಡ್ತೀರಿ. ಕೇಳಿ ನನಗೂ ಹೊಟ್ಟೆ ಉರೀತದೆ, ಗೊತ್ತುಂಟಾ?”

ಕೋಯ ಸಿಗ್ನಲ್ ಇಲ್ಲ ಎಂದು ಫೋನು ಇಟ್ಟ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಕೊರೆಯುವ ಯಂತ್ರ ಬರುವ ವಾರದಲ್ಲೇ ಟ್ಯಾಂಕರಿನ ಗೇರ್‌ಬಾಕ್ಸ್ ಕೈಕೊಟ್ಟಿತು. ಕಂಪೆನಿಯಲ್ಲಿ ಬೇರೆ ಗಾಡಿ ಖಾಲಿ ಇರಲಿಲ್ಲ. ರಿಪೇರಿಯಾಗಲು ಎರಡು ದಿನ ಎಂದರು. ಬೆಟ್ಟದ ನಡುವೆ ಫೋನು ಸಿಗುವುದಿಲ್ಲ. ಬರುವುದು ತಡ ಎಂದು ಹೇಳಿಬರಲು ಕೋಯ ಅಶ್ರಫನ ಹಳೆಯ ಕಾರು ತೆಗೆದುಕೊಂಡು ಹೊರಟ.

ಇಷ್ಟು ವರ್ಷದಲ್ಲಿ ಅವನು ಟ್ಯಾಂಕರಿಲ್ಲದೆ ಆ ಹಳ್ಳಿಗೆ ಹೋದದ್ದು ಅದೇ ಮೊದಲು. ಕಾರಿನ ಸದ್ದಿಗೆ ಮಕ್ಕಳು ಓಡಿ ಬಂದವು. ಕೋಯನ ಮುಖ ಅರಳಿತು. ಮಕ್ಕಳು ಕಾರನ್ನು ನೋಡಿದವು, ಕಾರಿನ ಹಿಂದೆ ನೋಡಿದವು, ದಾರಿ ನೋಡಿದವು.

“ಕೋಯ, ನೀರೆಲ್ಲಿ?”

ನಾಳಿದ್ದು ಎಂದ. ಅವು ತಿರುಗಿ ಹೊರಟುಹೋದವು. ಒಂದಾದರೂ ಅವನ ಕೈ ಹಿಡಿಯಲಿಲ್ಲ. ಕೋಯನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಇವು ಓಡಿ ಬಂದದ್ದು ಯಾರಿಗೆ? ಮತೇಯೊನ ಮೇಲೆ ಉರಿಯುತ್ತಿದ್ದ ಹೊಟ್ಟೆ ಈಗ ತನ್ನದೇ ಟ್ಯಾಂಕರಿನ ಮೇಲೆ ಉರಿಯಿತು.

ಮಜ್ಲಿಸಿನ ಹಿಂದೆ ನೆಲದಡಿಯ ತೊಟ್ಟಿ, ಅವನೇ ತುಂಬಿಸುವುದು. ಅದರ ಮುಚ್ಚಳ ತೆರೆದಿತ್ತು. ಒಳಗಿಂದ ಗರಗರ ಸದ್ದು ಬರುತ್ತಿತ್ತು. ಕೋಯ ಬಗ್ಗಿ ನೋಡಿದ. ಅಬೂ ಫಾರೂಕರ ಮೊಮ್ಮಗಳು ಹಿಬಾ, ಹಾಲುಹಲ್ಲು ಬಿದ್ದ ಹುಡುಗಿ, ತೊಟ್ಟಿಯ ತಳದಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟಲಿನಿಂದ ತಳದ ನೀರನ್ನು ಗೋರಿ ಬಕೆಟಿಗೆ ಹಾಕುತ್ತಿದ್ದಳು. ನೀರಿನ ಜೊತೆ ಕೆಸರೂ ಬರುತ್ತಿತ್ತು. ದೊಡ್ಡವರು ಆ ಬಾಯಿಯಲ್ಲಿ ಇಳಿಯಲಾರರು, ಅದಕ್ಕೇ ಮಗುವನ್ನು ಇಳಿಸಿದ್ದರು. ಅವಳು ತಲೆ ಎತ್ತಿ ಕೋಯನನ್ನು ನೋಡಿ ಗಾಬರಿಯಿಂದ ಕಿರುಚಿದಳು:

“ತುಂಬಿಸಬೇಡ, ನಾನಿದ್ದೇನೆ!”

ಅವಳ ಲೆಕ್ಕದಲ್ಲಿ ಕೋಯ ಬಂದನೆಂದರೆ ಪೈಪಿನಿಂದ ನೀರು ಬಿತ್ತೆಂದೇ.

ಅಬೂ ಫಾರೂಕ್ ಬಂದು ಮುಜುಗರದಿಂದ ಮುಚ್ಚಳದ ಎದುರು ನಿಂತರು. ಇದೇನು ಹೊಸದಲ್ಲ, ನೀನು ಬರುವ ಹಿಂದಿನ ದಿನ ಯಾವಾಗಲೂ ಹೀಗೆಯೇ ಎಂದರು. ನಿನಗೆ ಬೇಸರವಾಗುತ್ತದೆ ಎಂದು ಹೇಳಿರಲಿಲ್ಲ, ಅಷ್ಟೆ. ಮತ್ತೆ, ಬಂದವನನ್ನು ಬಾಯಾರಿಸಿ ಕಳಿಸಬಾರದೆಂದು, ಸೋಸಿದ ಆ ನೀರಿನಲ್ಲೇ ಒಂದು ಗ್ಲಾಸು ಚಹಾ ಮಾಡಿಸಿಕೊಟ್ಟರು.

ಕೋಯ ನೋಡಿದ್ದು ತಾನು ಬರುವ ದಿನದ ಉಮ್ ತಲ್ಹಾವನ್ನು ಮಾತ್ರ. ಆ ದಿನ ಎಲ್ಲರ ಮುಖವೂ ನಗುತ್ತಿತ್ತು, ತೊಟ್ಟಿ ತುಂಬಿ ತುಳುಕುತ್ತಿತ್ತು. ಹಿಂದಿನ ದಿನವೂ ಒಂದು ದಿನವೇ ಎಂದು ಅವನ ತಲೆಗೆ ಹೊಳೆದೇ ಇರಲಿಲ್ಲ. ಚಹಾ ಪೂರ್ತಿ ಕುಡಿದ, ಬಿಡಲು ಬರುವುದಿಲ್ಲವಲ್ಲ.

ಬರುವ ದಾರಿಯುದ್ದಕ್ಕೂ ಅವನು ಮತೇಯೊನನ್ನು ಬೈದ. ಇಫ್ರಾಳನ್ನು ಬೈದ, ಅಶ್ರಫನ ಕಾರಿನ ಕ್ಲಚ್ಚನ್ನು ಬೈದ. ಒಳ್ಳೆಯ ಬುದ್ಧಿ ಬಂದವನು ಶಾಂತನಾಗುತ್ತಾನೆ ಎಂದು ಯಾರು ಹೇಳಿದರೋ. ಕೋಯನಿಗೆ ಬುದ್ಧಿ ಬಂದದ್ದು ಮೈಯೆಲ್ಲ ಉರಿಯುತ್ತಲೇ. ಆ ತೊಟ್ಟಿಯಲ್ಲಿ ಮಗು ಇಳಿಯದ ಹಾಗೆ ಮಾಡುವ ಕೈ ತನ್ನದಲ್ಲ, ಆ ಕುಳ್ಳನದು. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಬಂಡೆ ಕೊರೆಯುವುದು ಸುಲಭವಿತ್ತು.

ಯಂತ್ರ ಬಂದ ದಿನ ಕೋಯ ಟ್ಯಾಂಕರಿನ ಜೊತೆ ಒಂದು ಚೀಲ ತಂದಿದ್ದ. ಲಾರಿಯ ಮೇಲಿನ ಆ ಎತ್ತರದ ಯಂತ್ರ ಅವನು ತೋರಿಸಿದ್ದ ಜಾಗದಲ್ಲೇ ಕಾಲೂರಲು ಸಿದ್ಧವಾಗಿತ್ತು. ಕೋಯ ಅದರ ಎದುರು ಹೋಗಿ ಎರಡೂ ಕೈ ಎತ್ತಿದ.

“ಯಲ್ಲಾ, ನಿಲ್ಲಿಸಿ! ಹೋದ ಸಲದ ಕಾಯಿ ಸರಿ ಇರಲಿಲ್ಲ.”

ನಿಜ ಹೇಳುವ ಎದೆಗಾರಿಕೆ ಅವನಿಗೆ ಇರಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಇಷ್ಟು ಜನರ ಎದುರು, ಹಣೆಗೆ ಮುತ್ತು ಕೊಟ್ಟ ಮುದುಕನ ಎದುರು, ನಾನು ಹೆಬ್ಬೆರಳಲ್ಲಿ ಎತ್ತಿದೆ ಎಂದು ಹೇಳುವುದು ಅವನಿಂದ ಆಗದ ಮಾತು. ಅವನು ಚೀಲದಿಂದ ಹಳೆಯ ಕಾಯಿ ತೆಗೆದು ಕಲ್ಲಿಗೆ ಬಡಿದ. ಒಳಗೆ ಒಂದು ಹನಿ ನೀರಿರಲಿಲ್ಲ, ಒಣಗಿ ಕೊಬ್ಬರಿಯಾಗಿತ್ತು. (ಬೇಕೆಂದೇ ಅಂಥದ್ದನ್ನು ಅಂಗಡಿಯಲ್ಲಿ ಹುಡುಕಿ ತಂದಿದ್ದ, ಮೊದಲ ಕಾಯಿಯನ್ನು ಅವನೂ ಅಶ್ರಫನೂ ಮೀನುಸಾರಿಗೆ ಅರೆದು ಮುಗಿಸಿದ್ದರು.)

“ನೋಡಿ, ಒಳಗೆ ನೀರೇ ಇಲ್ಲ. ನೀರಿಲ್ಲದ ಕಾಯಿಗೆ ನೀರಿನ ಗುರುತು ಹೇಗೆ ಸಿಗಬೇಕು? ತಪ್ಪು ಕಾಯಿಯದ್ದಲ್ಲ, ನೋಡದೆ ತಂದ ನನ್ನದು.”

ಹೊಸ ಕಾಯಿ ತೆಗೆದ. ಅಂಗೈಯಲ್ಲಿ ಮಲಗಿಸಿ ನಡೆದ. ಈ ಸಲ ಎಲ್ಲೂ ಸುತ್ತಾಡಲಿಲ್ಲ. ನೆಟ್ಟಗೆ ಹಳ್ಳಕ್ಕೆ ಇಳಿದು, ದಡದಲ್ಲಿ ಮತೇಯೊ ಕೆಂಪು ಬಟ್ಟೆ ಕಟ್ಟಿ ಗೂಟ ಹೊಡೆದಲ್ಲಿಗೆ ಹೋಗಿ ನಿಂತ. ಹೆಬ್ಬೆರಳು ಒತ್ತಲು ಅವನಿಗೆ ಮನಸ್ಸೇ ಬರಲಿಲ್ಲ. ಆ ಗೂಟವನ್ನು ನೋಡಿದ, ಅದನ್ನು ಬಡಿದವನನ್ನು ನೋಡಿದ. ಹಲ್ಲು ಕಚ್ಚಿದ. ಒತ್ತಿದ. ಕಾಯಿ ಎದ್ದಿತು.

ಇಫ್ರಾ ತುಟಿ ಬಿಗಿಹಿಡಿದು ಬೇರೆ ಕಡೆ ನೋಡಿದಳು. ಮತೇಯೊ ಕೂಗಿಯೇಬಿಟ್ಟ, ನಮ್ಮ ಪೆಟ್ಟಿಗೆಯೂ ನಿಮ್ಮ ಕಾಯಿಯೂ ಒಂದೇ ಮಾತು ಹೇಳಿದವು ಎಂದು.

ಅಲ್ಲಿ ನೀರು ಸಿಕ್ಕಿತು. ಮೊದಲು ಕೆಸರಾಗಿ, ಆಮೇಲೆ ತಿಳಿಯಾಗಿ. ಬಿಸಿಲಿನ ಹಲಗೆಗಳು ಬಂದವು, ಪಂಪು ಬಂತು, ಮನೆಮನೆಗೆ ನಲ್ಲಿ ಬಂತು. ವಿಶ್ವವಿದ್ಯಾಲಯದವರು ಒಂದು ಚಂದದ ಹೆಸರಿನ ಬೋರ್ಡು ಹಾಕಿದರು. ಊರಿನವರು ಅದನ್ನು ಓದಲಿಲ್ಲ. ಅವರು ಅದನ್ನು ಕೋಯನ ಬಾವಿ ಎಂದೇ ಕರೆದರು. ಮಷಿನಿನವರು ಸುಮ್ಮನೆ ಗೂಟ ಹೊಡೆದರು, ನೀರು ನೋಡಿದ್ದು ನಮ್ಮ ಕೋಯ ಎಂದು ಅಬೂ ಫಾರೂಕ್ ಬಂದವರಿಗೆಲ್ಲ ಹೇಳಿದರು. ವಿದ್ಯಾರ್ಥಿಗಳು ಹೊರಡುವ ದಿನದ ಕೂಟದಲ್ಲಿ ಕೋಯನಿಗೆ ಮೊದಲ ಬಟ್ಟಲು ಕಾಫಿ ಸಿಕ್ಕಿತು. ಮತೇಯೊ ಬಾಗಿಲ ಹತ್ತಿರ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಖರ್ಜೂರ ತಿನ್ನುತ್ತಿದ್ದ. ತನ್ನ ಕೆಲಸದ ಕೀರ್ತಿಯನ್ನು ಎದುರಿಗೇ ಬೇರೆಯವನ ತಟ್ಟೆಗೆ ಬಡಿಸುತ್ತಿದ್ದರೂ ಅವನು ಹಲ್ಲು ಬಿಟ್ಟು ನಗುತ್ತಿದ್ದ. ಅವನಿಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಅದನ್ನು ಕಂಡು ಕೋಯನ ಹೊಟ್ಟೆ ಇನ್ನೊಂದು ಸಲ ಉರಿಯಿತು.

ಕಂಪೆನಿ ಅವನಿಗೆ ಬೇರೆ ದಾರಿ ಕೊಟ್ಟಿತು, ಪೇಟೆಯೊಳಗಿನ ಕಟ್ಟಡ ಕೆಲಸಗಳಿಗೆ ನೀರು. ಒಳ್ಳೆಯ ಡಾಮರು. ಅಲ್ಲಿ ಯಾರೂ ಅವನ ಹೆಸರು ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಶುಕ್ರವಾರ ಅಶ್ರಫನ ಕಾರು ಹತ್ತಿ ಉಮ್ ತಲ್ಹಾಕ್ಕೆ ಹೋದ. ದಾರಿಯಲ್ಲಿ ಅವನ ಮನಸ್ಸು ಒಂದು ಕೆಟ್ಟ ಯೋಚನೆ ಮಾಡುತ್ತಿತ್ತು, ನೀರು ಇಷ್ಟರಲ್ಲಿ ಸ್ವಲ್ಪ ಉಪ್ಪಾಗಿದ್ದರೂ ಆಗಿರಬಹುದು ಎಂದು. ಅವನನ್ನು ಕಂಡ ಕೂಡಲೇ ಊರಿನಲ್ಲಿ ಗಡಿಬಿಡಿಯೆದ್ದಿತು. ಅಬೂ ಫಾರೂಕ್ ಎದ್ದು ಅಂಗಳದವರೆಗೂ ಬಂದರು. ಹುಡುಗರು ಹೊಸ ಜಮಖಾನ ಹಾಸಿದರು. ಹಿಬಾ ನಲ್ಲಿಯಿಂದ ಗ್ಲಾಸು ತುಂಬಿಸಿ ತಂದುಕೊಟ್ಟು, ನಾಚಿ ಅಜ್ಜನ ಹಿಂದೆ ನಿಂತಳು. ಕೋಯ ಕುಡಿದ. ಸಿಹಿಯಾಗಿತ್ತು, ಒಂದು ಹರಳು ಉಪ್ಪೂ ಇರಲಿಲ್ಲ.

ಆಗಲೇ ಹೊರಗೆ ಕುರಿ ಅರಚಿತು. ಬೇಡ, ಬೇಡ, ಸುಮ್ಮನೆ ನೋಡಿಹೋಗಲು ಬಂದೆ ಎಂದು ಕೋಯ ಎದ್ದ. ಅವರು ಬಿಡಲಿಲ್ಲ.

“ನೀನು ನಮ್ಮ ದೊಡ್ಡ ಅತಿಥಿ, ಕೋಯ,” ಎಂದರು ಅಬೂ ಫಾರೂಕ್. “ಆದರೆ ಇನ್ನು ಬರುವಾಗ ಮೊದಲೇ ಯಾರ ಹತ್ತಿರವಾದರೂ ಹೇಳಿಕಳಿಸು. ಹೀಗೆ ಏಕಾಏಕಿ ಬಂದರೆ ನಿನಗೆ ತಕ್ಕ ಹಾಗೆ ನೋಡಿಕೊಳ್ಳಲು ನಮಗೆ ಆಗುವುದಿಲ್ಲ.”

ಪ್ರೀತಿಯಿಂದಲೇ ಹೇಳಿದ್ದು. ಕೋಯ ತಲೆಯಾಡಿಸಿದ.

ಮಾಂಸ ಬೇಯುವುದನ್ನು ಕಾಯುತ್ತ ಹೊಸ ಜಮಖಾನದ ಮೇಲೆ ನೆಟ್ಟಗೆ ಕೂತಿದ್ದಾಗ, ಹೊರಗೆ ಗ್ಯಾಸ್ ಸಿಲಿಂಡರಿನ ಪಿಕಪ್ಪು ಬಂದು ನಿಂತಿತು. ಅಬ್ದುಲ್ ಬಾಸಿತ್ ಎಂಬ ಬಂಗಾಳಿ ಹುಡುಗ, ಈಚೆಗೆ ಈ ದಾರಿಗೆ ಬಂದವನಂತೆ. ಅವನು ಯಾರನ್ನೂ ಕೇಳದೆ ಒಳಗೆ ಬಂದ, ಗೋಡೆಯ ಮೂಲೆಯಲ್ಲಿ ಕಾಲು ಚಾಚಿ ಕೂತ, ತಟ್ಟೆಯಲ್ಲಿ ಉಳಿದಿದ್ದ ಖರ್ಜೂರ ಬಾಯಿಗೆ ಹಾಕಿಕೊಂಡ. ಬಾಗಿಲ ಹಿಂದಿನಿಂದ ಒಂದು ದನಿ ಅವನನ್ನು ಬೈಯಿತು, ಹೋದ ವಾರ ಹೇಳಿದ ಸೂಜಿ ತರಲಿಲ್ಲವಲ್ಲ ಎಂದು. ಅವನು ಮರೆತೇಹೋಯಿತು ಎಂದು ನಕ್ಕ. ಅವನು ಬಂದನೆಂದು ಯಾರೂ ಏಳಲಿಲ್ಲ. ಕೋಯ ತನ್ನ ದೊಡ್ಡ ದಿಂಬಿಗೆ ಒರಗಿ ಅವನ ಚಾಚಿದ ಕಾಲನ್ನೇ ನೋಡುತ್ತ ಕೂತ.